‘ಪೈಕಿ’ ಎಂಬ ಪುಟ್ಟ ಪದ

ಕಳೆದ ಆಷಾಢದ ಒಂದು ರಾತ್ರಿ. ಊಟ ಮುಗಿಸಿ, ದೀಪ ಆರಿಸಿ ಮಲಗುವ ಹೊತ್ತಿಗೆ ಫೋನು ಬಂದಿತು. ಕರೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಅವನ ಸಹಪಾಠಿಗಳೂ ಈ ಪುಟವನ್ನು ಓದುತ್ತಾರಾದ್ದರಿಂದ ಹೆಸರು ಬರೆಯುವುದಿಲ್ಲ. ನನ್ನ ನಿವೃತ್ತಿಗೆ ಎರಡು ಮೂರು ವರ್ಷ ಮೊದಲಿನ ಬ್ಯಾಚಿನವನು. ಗಣಿತದಲ್ಲಿ ತರಗತಿಗೇ ಮೊದಲಿಗನಾಗಿದ್ದವನು. ಈಗ ಒಂದು ವರ್ಷದ ಮಗುವಿನ ತಂದೆ. ಅವನ ಕಚೇರಿಯಲ್ಲಿ ಎಲ್ಲರಿಗೂ ಮಾಡಿಸುವ ಆರೋಗ್ಯ ತಪಾಸಣೆಯಲ್ಲಿ ಒಂದು ರಕ್ತಪರೀಕ್ಷೆ ‘ಪಾಸಿಟಿವ್’ ಎಂದು ಬಂದಿತ್ತು. ಅಪರೂಪದ, ಆದರೆ ಹೆಸರು ಕೇಳಿದರೇ ಎದೆ ನಡುಗುವಂಥ ಕಾಯಿಲೆ. ಖಚಿತಪಡಿಸಿಕೊಳ್ಳಲು ಬೇರೊಂದು ಪರೀಕ್ಷೆ ಮಾಡಿಸಬೇಕೆಂದೂ ಅದರ ಫಲಿತಾಂಶಕ್ಕೆ ಒಂದು ವಾರ ಹಿಡಿಯುವುದೆಂದೂ ವೈದ್ಯರು ಹೇಳಿದ್ದರಂತೆ.

“ಸಾರ್, ಆ ಪರೀಕ್ಷೆ ನೂರಕ್ಕೆ ತೊಂಬತ್ತೊಂಬತ್ತು ಸರಿಯಂತೆ. ಹಾಗಾದರೆ ನನಗೆ ಕಾಯಿಲೆ ಇಲ್ಲದಿರುವ ಸಂಭವ ನೂರಕ್ಕೆ ಒಂದೇ ಅಲ್ಲವೇ? ಮನೆಯಲ್ಲಿ ಇನ್ನೂ ಹೇಳಿಲ್ಲ. ಲೆಕ್ಕ ಸರಿಯೋ ಅಂತ ಕೇಳೋಣವೆಂದು ನಿಮಗೆ ಮಾಡಿದೆ” ಎಂದ.

ಲೆಕ್ಕ ಸರಿಯಲ್ಲವೆಂದು ನನ್ನ ಮನಸ್ಸಿಗೆ ಹೊಳೆಯಿತು. ಆದರೆ ಏಕೆ ಸರಿಯಲ್ಲವೆಂದು ಆ ಕ್ಷಣಕ್ಕೆ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಆ ಕಾಯಿಲೆ ಎಷ್ಟು ಜನರಲ್ಲಿ ಇರುತ್ತದೆಂದು ಕೇಳಿದೆ. ಅವನ ವಯಸ್ಸಿನ, ಯಾವ ಲಕ್ಷಣವೂ ಇಲ್ಲದವರಲ್ಲಿ ಸಾವಿರಕ್ಕೆ ಒಬ್ಬರೆಂದು ವೈದ್ಯರು ಹೇಳಿದ್ದರಂತೆ. “ಬೆಳಗ್ಗೆ ಮಾತಾಡೋಣ ಕಣಪ್ಪ, ಅಲ್ಲಿಯವರೆಗೆ ಧೈರ್ಯವಾಗಿರು” ಎಂದು ಫೋನು ಇಟ್ಟು, ಹಳೆಯ ನೋಟುಪುಸ್ತಕ ತೆಗೆದು ಕುಳಿತೆ. ಸಂಭವನೀಯತೆಯ ಪಾಠವನ್ನು ಅವನಿಗೆ ಹೇಳಿಕೊಟ್ಟವನು ನಾನೇ. ಆ ಪಾಠದಲ್ಲಿ ಅವನಿಗೆ ಪೂರ್ಣ ಅಂಕ ಕೊಟ್ಟವನೂ ನಾನೇ. ಜೀವನದಲ್ಲಿ ಆ ಪಾಠ ಬೇಕಾದ ಮೊದಲ ರಾತ್ರಿಯೇ ಅದು ಅವನ ಕೈಬಿಟ್ಟಿತ್ತು. ತಪ್ಪು ಅವನದಲ್ಲ, ಕಲಿಸಿದ ನಮ್ಮದು ಎಂಬುದೇ ಈ ಬರಹದ ಸಾರ.

ನಾವು ಆ ಪಾಠವನ್ನು ಹೇಗೆ ಮಾಡುತ್ತಿದ್ದೆವೆಂದು ನಿಮಗೆ ನೆನಪಿರಬಹುದು. ಅನುಕೂಲಕರ ಫಲಿತಾಂಶಗಳ ಸಂಖ್ಯೆಯನ್ನು ಒಟ್ಟು ಫಲಿತಾಂಶಗಳ ಸಂಖ್ಯೆಯಿಂದ ಭಾಗಿಸು. ಒಂದು ಚೀಲದಲ್ಲಿ ಮೂರು ಕೆಂಪು, ಐದು ಕಪ್ಪು ಚೆಂಡುಗಳಿವೆ; ಒಂದನ್ನು ತೆಗೆದರೆ ಕೆಂಪಾಗಿರುವ ಸಂಭವನೀಯತೆ ಎಂಟರಲ್ಲಿ ಮೂರು. ಪರೀಕ್ಷೆ ಹತ್ತಿರ ಬಂದಿರುತ್ತಿತ್ತು, ಸುಲಭದ ಅಂಕಗಳು, ಸೂತ್ರವನ್ನು ಹಲಗೆಯ ಮೇಲೆ ಬರೆದು, ಸುತ್ತ ಚೌಕ ಹಾಕಿ, ಮುಂದೆ ಹೋಗುತ್ತಿದ್ದೆವು.

ಒಂದೇ ಒಂದು ವರ್ಷ ನಾನು ಬೇರೆ ಪ್ರಯತ್ನ ಮಾಡಿದ್ದುಂಟು. ನಮ್ಮ ಅಜ್ಜಿಯ ಚೌಕಾಬಾರದ ನಾಲ್ಕು ಕವಡೆಗಳನ್ನು ತರಗತಿಗೆ ಒಯ್ದಿದ್ದೆ. ಪ್ರತಿ ಕವಡೆಯೂ ಅಂಗಾತವಾಗಿ ಬೀಳಬಹುದು ಅಥವಾ ಬೋರಲಾಗಿ ಬೀಳಬಹುದು. ನಾಲ್ಕು ಕವಡೆಗೆ ಒಟ್ಟು 16 ಬಗೆ. ಒಂದು ಅಂಗಾತ ಬೀಳುವ ಬಗೆಗಳು 4, ಎರಡು ಬೀಳುವವು 6, ಮೂರು ಬೀಳುವವು 4. ನಾಲ್ಕೂ ಅಂಗಾತವಾದರೆ ಚೌಕ, ಅದಕ್ಕೆ ಒಂದೇ ಬಗೆ. ನಾಲ್ಕೂ ಬೋರಲಾದರೆ ಎಂಟು ಮನೆ ನಡೆಸುವ ಬಾರ, ಅದಕ್ಕೂ ಒಂದೇ ಬಗೆ. ಆದ್ದರಿಂದ 160 ಸಲ ಎಸೆದರೆ ಚೌಕವೂ ಬಾರವೂ ಹತ್ತತ್ತು ಸಲ ಬರಬೇಕೆಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಸಂಭ್ರಮದಿಂದ ಎಸೆದರು. ಒಂದು ಇನ್ನೊಂದರ ಎರಡರಷ್ಟು ಬಂದಿತು! ಮತ್ತೆ ಎಸೆಸಿದೆ, ಹೆಚ್ಚು ಕಡಿಮೆ ಹಾಗೆಯೇ. ಗಂಟೆ ಹೊಡೆಯಿತು. “ಕವಡೆ ಸರಿಯಿಲ್ಲ, ನಾಳೆ ನಾಣ್ಯ ತರುತ್ತೇನೆ” ಎಂದು ಹೇಳಿ ಹೊರಬಂದೆ.

ನನ್ನ ಅಧ್ಯಾಪಕ ವೃತ್ತಿಯ ದೊಡ್ಡ ಸೋಲುಗಳಲ್ಲಿ ಅದನ್ನೂ ಒಂದೆಂದು ಈಗ ಎಣಿಸುತ್ತೇನೆ. ಕವಡೆ ಸರಿಯಾಗಿಯೇ ಇತ್ತು. ಅದರ ಒಂದು ಮೈ ಉಬ್ಬು, ಇನ್ನೊಂದು ಮೈ ಸೀಳು. ಎರಡೂ ಸಮನಾಗಿ ಬೀಳಲೇಬೇಕೆಂಬ ಕಾನೂನಿಲ್ಲ. ಹದಿನಾರು ಬಗೆಗಳನ್ನು ಎಣಿಸುವುದು ಒಂದು ಮಾತು, ಆ ಹದಿನಾರೂ ಸಮಸಂಭವವೆಂದು ಒಪ್ಪುವುದು ಬೇರೆಯೇ ಮಾತು. ಇದರಲ್ಲಿ ಎಡವಿದವರು ನಾವು ಮಾತ್ರವಲ್ಲ. ಫ್ರಾನ್ಸಿನ ಮಹಾ ಗಣಿತಜ್ಞ ಡಾಲಂಬೇರ್ 1754ರಲ್ಲಿ, ಅಲ್ಲಿನ ಪ್ರಸಿದ್ಧ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವ ಮೂರರಲ್ಲಿ ಎರಡು ಎಂದು ವಾದಿಸಿದ. ಮೊದಲೇ ತಲೆ ಬಿದ್ದರೆ ಆಟ ಅಲ್ಲಿಗೇ ಮುಗಿಯುವುದರಿಂದ ಇರುವುದು ಮೂರೇ ಫಲಿತಾಂಶವೆಂದು ಅವನ ಎಣಿಕೆ. ಆ ಮೂರೂ ಸಮತೂಕದವಲ್ಲ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ. ಸರಿಯುತ್ತರ ನಾಲ್ಕರಲ್ಲಿ ಮೂರು.

ಇನ್ನು ಆ ರಾತ್ರಿಯ ಲೆಕ್ಕಕ್ಕೆ ಬರುತ್ತೇನೆ. ಸೂತ್ರವನ್ನು ಬದಿಗಿಟ್ಟು, ನಮ್ಮೂರ ತೇರಿಗೆ ಹತ್ತು ಸಾವಿರ ಜನ ಸೇರಿದ್ದಾರೆಂದು ಕಲ್ಪಿಸಿಕೊಂಡೆ. ಎಲ್ಲರೂ ಅವನ ವಯಸ್ಸಿನವರು, ಯಾರಿಗೂ ಲಕ್ಷಣಗಳಿಲ್ಲ. ಸಾವಿರಕ್ಕೆ ಒಬ್ಬರಂತೆ ಅವರಲ್ಲಿ ಹತ್ತು ಮಂದಿಗೆ ಕಾಯಿಲೆ ಇದೆ. 9,990 ಮಂದಿ ಆರೋಗ್ಯವಂತರು. ಎಲ್ಲರಿಗೂ ಪರೀಕ್ಷೆ ಮಾಡಿಸಿದೆ. ಕಾಯಿಲೆಯವರಲ್ಲಾಗಲಿ ಆರೋಗ್ಯವಂತರಲ್ಲಾಗಲಿ ಪರೀಕ್ಷೆ ನೂರಕ್ಕೆ ಒಂದು ಸಲ ತಪ್ಪುತ್ತದೆಂದು ಇಟ್ಟುಕೊಳ್ಳೋಣ. ಕಾಯಿಲೆಯ ಹತ್ತು ಮಂದಿಯೂ ಬಹುತೇಕ ಸಿಕ್ಕಿಬೀಳುತ್ತಾರೆ. ಆದರೆ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು ನೂರು ಮಂದಿಗೂ ತಪ್ಪಾಗಿ ‘ಪಾಸಿಟಿವ್’ ಬರುತ್ತದೆ. ಈಗ ಪಾಸಿಟಿವ್ ಚೀಟಿ ಹಿಡಿದವರನ್ನೆಲ್ಲ ತೇರಿನ ಬಲಕ್ಕೆ ನಿಲ್ಲಿಸಿ. ಅಲ್ಲಿ ನಿಂತವರು 110 ಮಂದಿ. ಅವರಲ್ಲಿ ಕಾಯಿಲೆ ಇರುವವರು ಹತ್ತೇ ಮಂದಿ. ಹನ್ನೊಂದರಲ್ಲಿ ಒಬ್ಬರು!

ನನ್ನ ವಿದ್ಯಾರ್ಥಿ ಎಣಿಸಿದ್ದು ನೂರಕ್ಕೆ ತೊಂಬತ್ತೊಂಬತ್ತು. ಲೆಕ್ಕ ತೋರಿಸಿದ್ದು ನೂರಕ್ಕೆ ಸುಮಾರು ಒಂಬತ್ತು. ಈ ಅಗಾಧ ಅಂತರವಿರುವುದು ‘ಪೈಕಿ’ ಎಂಬ ಪುಟ್ಟ ಪದದಲ್ಲಿ. ಕಾಯಿಲೆ ಇರುವವರ ಪೈಕಿ ಪಾಸಿಟಿವ್ ಬರುವವರೆಷ್ಟು ಎಂಬುದು ಒಂದು ಪ್ರಶ್ನೆ. ಪಾಸಿಟಿವ್ ಬಂದವರ ಪೈಕಿ ಕಾಯಿಲೆ ಇರುವವರೆಷ್ಟು ಎಂಬುದು ಇನ್ನೊಂದು. ಪ್ರಯೋಗಾಲಯ ಮೊದಲನೆಯದಕ್ಕೆ ಉತ್ತರ ಹೇಳಿತ್ತು. ಅವನು ಅದನ್ನು ಎರಡನೆಯದರ ಉತ್ತರವೆಂದು ಓದಿಕೊಂಡಿದ್ದ. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ, ಪ್ರಕಟವಾದ ಪ್ರಬಂಧದ ತಿರುಳೂ ಈ ತಿರುವುಮುರುವಿನ ಲೆಕ್ಕವೇ.

ಬೆಳಗ್ಗೆ ಅವನಿಗೆ ಇದನ್ನೇ ಹೇಳಿದೆ. “ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಎಣಿಕೆ. ಹಾಗೆಂದು ಎರಡನೆಯ ಪರೀಕ್ಷೆಯನ್ನು ತಪ್ಪಿಸಬೇಡ. ಸಾವಿರಕ್ಕೆ ಒಂದಿದ್ದದ್ದು ಹನ್ನೊಂದಕ್ಕೆ ಒಂದಾಗಿದೆ, ಅದೇನೂ ಸಣ್ಣದಲ್ಲ” ಎಂದೂ ಸೇರಿಸಿದೆ. ಲಕ್ಷಣಗಳಿದ್ದು ಪರೀಕ್ಷೆಗೆ ಹೋದವರಿಗೆ ಈ ಲೆಕ್ಕ ಹೊಂದುವುದಿಲ್ಲವೆಂಬುದನ್ನು ಓದುಗರೂ ಗಮನಿಸಬೇಕು. ಅವರು ಸೇರುವ ಗುಂಪೇ ಬೇರೆ. ಅವರ ‘ಪೈಕಿ’ಯೇ ಬೇರೆ.

ಅವನು ಜಾಣ. ಕೂಡಲೇ ಕೇಳಿದ: “ಅದೇ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿಸಿದರೆ ಸಾಲದೇ ಸಾರ್?” ಬಲಕ್ಕೆ ನಿಂತ 110 ಮಂದಿಯನ್ನು ಮತ್ತೆ ಪರೀಕ್ಷಿಸಿದರೆ ಹತ್ತು ರೋಗಿಗಳೂ, ನೂರು ಆರೋಗ್ಯವಂತರಲ್ಲಿ ಒಬ್ಬರೂ ಉಳಿಯುತ್ತಾರೆ, ಆಗ ಹನ್ನೊಂದರಲ್ಲಿ ಹತ್ತು. ಆದರೆ ಎರಡನೆಯ ತಪ್ಪು ಮೊದಲನೆಯ ತಪ್ಪಿನಿಂದ ಸ್ವತಂತ್ರವಾಗಿದ್ದರೆ ಮಾತ್ರ ಹಾಗೆ. ರಕ್ತದಲ್ಲಿರುವ ಯಾವುದೋ ನಿರಪಾಯಕಾರಿ ಅಂಶ ಮೊದಲ ಸಲ ಪರೀಕ್ಷೆಯನ್ನು ಮೋಸಗೊಳಿಸಿದ್ದರೆ ಎರಡನೆಯ ಸಲವೂ ಮೋಸಗೊಳಿಸೀತು. ವೈದ್ಯರು ಬೇರೆ ವಿಧಾನದ ಪರೀಕ್ಷೆಯನ್ನು ಹೇಳುವುದರಲ್ಲಿ ಈ ಅರ್ಥವಿದೆ.

ಸ್ವತಂತ್ರವಲ್ಲದ್ದನ್ನು ಸ್ವತಂತ್ರವೆಂದು ಗುಣಿಸಿದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ನೆನೆಯಬೇಕು. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಹಸುಗೂಸುಗಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಇದ್ದಕ್ಕಿದ್ದಂತೆ ತೀರಿಕೊಂಡವು. ತಾಯಿಯೇ ಕೊಂದಳೆಂದು ಆರೋಪ. ಅಂಥ ಅನುಕೂಲಸ್ಥ, ಧೂಮಪಾನವಿಲ್ಲದ ಮನೆಯಲ್ಲಿ ಒಂದು ಕೂಸು ಕಾರಣ ತಿಳಿಯದೆ ಸಾಯುವ ಸಂಭವ 8,543ರಲ್ಲಿ ಒಂದು. ಎರಡು ಕೂಸುಗಳಾದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಸುಮಾರು 7.3 ಕೋಟಿಯಲ್ಲಿ ಒಂದು ಎಂದು ಹೆಸರಾಂತ ಮಕ್ಕಳ ವೈದ್ಯರೊಬ್ಬರು ಸಾಕ್ಷ್ಯ ನುಡಿದರು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಆ ಗುಣಾಕಾರದಲ್ಲಿ ಎರಡು ತಪ್ಪುಗಳಿದ್ದವು. ಒಂದೇ ತಾಯಿತಂದೆ, ಒಂದೇ ಮನೆ, ಒಂದೇ ರಕ್ತ. ಮೊದಲ ಸಾವಿಗೆ ಕಾರಣವಾದದ್ದು ಎರಡನೆಯದಕ್ಕೂ ಕಾರಣವಾಗಬಹುದು. ಎರಡು ಸಾವುಗಳು ನಾಣ್ಯದ ಎರಡು ಚಿಮ್ಮುಗಳಲ್ಲ. ಇನ್ನೊಂದು ತಪ್ಪು ‘ಪೈಕಿ’ಯದು. ಎಲ್ಲ ತಾಯಂದಿರ ಪೈಕಿ ಎರಡು ಕೂಸುಗಳನ್ನು ಹೀಗೆ ಕಳೆದುಕೊಳ್ಳುವವರು ವಿರಳ, ನಿಜ. ಎರಡು ಕೂಸುಗಳನ್ನು ಕೊಲ್ಲುವ ತಾಯಂದಿರೂ ಅಷ್ಟೇ ವಿರಳವಲ್ಲವೇ? ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಈಗಾಗಲೇ ಎರಡು ಕೂಸುಗಳನ್ನು ಕಳೆದುಕೊಂಡ ತಾಯಂದಿರ ಪೈಕಿ ಕೊಂದವರೆಷ್ಟು, ನತದೃಷ್ಟರೆಷ್ಟು? 2001ರಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಅಂಕಿಯ ದುರ್ಬಳಕೆಯನ್ನು ಬಹಿರಂಗವಾಗಿ ಆಕ್ಷೇಪಿಸಿತು. ವಿಚಾರಣೆಯಲ್ಲಿ ಬಹಿರಂಗಪಡಿಸದೆ ಉಳಿದಿದ್ದ ವೈದ್ಯಕೀಯ ವರದಿಯೊಂದು ಬೆಳಕಿಗೆ ಬಂದು, 2003ರಲ್ಲಿ ಆಕೆಯ ಬಿಡುಗಡೆಯಾಯಿತು. 2007ರಲ್ಲಿ ಆಕೆ ತೀರಿಕೊಂಡಳು. ಮೂರು ವರ್ಷಕ್ಕೂ ಮಿಕ್ಕಿದ ಆ ಸೆರೆವಾಸದ ಹಿಂದೆ, ನಮ್ಮ ಹತ್ತನೆಯ ತರಗತಿಯ ಹುಡುಗನೂ ಮಾಡಬಲ್ಲ ಒಂದು ಗುಣಾಕಾರದ ನೆರಳಿತ್ತು.

ನಮ್ಮ ಮನೆಗಳಲ್ಲಿ ಇದರ ತದ್ವಿರುದ್ಧ ತಪ್ಪು ನಡೆಯುತ್ತದೆ. “ಮೂರೂ ಹೆಣ್ಣಾಯಿತು, ಈ ಸಲ ಗಂಡಾಗಲೇಬೇಕು” ಎಂಬ ಮಾತನ್ನು ನಮ್ಮ ಬಂಧುಗಳಲ್ಲೇ ಎಷ್ಟು ಸಲ ಕೇಳಿಲ್ಲ! ಹಿಂದಿನ ಹೆರಿಗೆಗಳು ಮುಂದಿನದಕ್ಕೆ ಸಾಲ ತೀರಿಸುವುದಿಲ್ಲ. ನಾಲ್ಕನೆಯ ಸಲವೂ ಸಂಭವ ಹೆಚ್ಚು ಕಡಿಮೆ ಅರ್ಧಕ್ಕರ್ಧವೇ. ಆ ‘ಲೇಬೇಕು’ ಎಂಬ ಸುಳ್ಳು ಲೆಕ್ಕದ ಭಾರವನ್ನು ಹೊತ್ತವರು ಲೆಕ್ಕ ಹಾಕಿದವರಲ್ಲ, ಬಸುರಿಯರು.

ಇಷ್ಟೆಲ್ಲ ಬರೆದ ಮೇಲೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಷರತ್ತುಬದ್ಧ ಸಂಭವನೀಯತೆ, ಬೇಯ್ಸನ ಪ್ರಮೇಯ ಇವೆಲ್ಲ ನಮ್ಮಲ್ಲಿ ದ್ವಿತೀಯ ಪಿಯುಸಿಯ ಗಣಿತದಲ್ಲಿವೆ. ಎಸ್ಸೆಸ್ಸೆಲ್ಸಿಗೇ ಗಣಿತಕ್ಕೆ ಕೈಮುಗಿದವರಿಗೆ ಅವು ದಕ್ಕುವುದು ವಿರಳ. ಆದರೆ ಪ್ರಯೋಗಾಲಯದ ಚೀಟಿ ಎಲ್ಲರ ಮನೆಗೂ ಬರುತ್ತದೆ. ಮಕ್ಕಳಿಗೆ ಇದು ಕಷ್ಟವಾದೀತೆಂದು ಅಧ್ಯಾಪಕ ಮಿತ್ರರು ಹೇಳುತ್ತಾರೆ. ಸೂತ್ರವಾಗಿ ಹೇಳಿದರೆ ಕಷ್ಟ, ಹೌದು. ಹತ್ತು ಸಾವಿರ ಜನರನ್ನು ತೇರಿನ ಎಡಬಲಕ್ಕೆ ನಿಲ್ಲಿಸಿ ಎಣಿಸುವುದಕ್ಕೆ ಕೂಡುವುದು, ಭಾಗಿಸುವುದು ಬಂದರೆ ಸಾಕು. ಚೀಲದ ಚೆಂಡುಗಳ ಹತ್ತು ಲೆಕ್ಕಗಳಲ್ಲಿ ಐದನ್ನು ಬಿಟ್ಟು, ಆ ವೇಳೆಯಲ್ಲಿ ಮೂರು ಪ್ರಶ್ನೆ ಕೇಳುವುದನ್ನು ಕಲಿಸಿದರೆ ಸಾಕು: ಎಣಿಸಿದ ಬಗೆಗಳು ಸಮತೂಕದವೇ? ಒಂದು ಘಟನೆಯ ನೆರಳು ಇನ್ನೊಂದರ ಮೇಲೆ ಬಿದ್ದಿದೆಯೇ? ಈ ಸಂಖ್ಯೆ ಯಾರ ಪೈಕಿ? ಇವನ್ನು ಕೇಳಬಲ್ಲ ಮಗು ಸೂತ್ರ ಮರೆತರೂ ಚಿಂತೆಯಿಲ್ಲ.

ವಾರ ಕಳೆದು ಅವನ ಎರಡನೆಯ ಫಲಿತಾಂಶ ಬಂದಿತು. ಕಾಯಿಲೆ ಇರಲಿಲ್ಲ. ಫೋನಿನಲ್ಲಿ ಅವನ ಸ್ವರವೇ ಬದಲಾಗಿತ್ತು. “ಸಾರ್, ನಿಮ್ಮ ಲೆಕ್ಕವೇ ಸರಿಯಾಯಿತು!” ಎಂದ. ನನಗೂ ಕಣ್ಣು ತುಂಬಿತು. ಆದರೆ ಮೇಷ್ಟ್ರ ಬುದ್ಧಿ ಬಿಡುವುದಿಲ್ಲವಲ್ಲ. “ಇಲ್ಲ ಕಣಪ್ಪ. ಆ ಹನ್ನೊಂದರಲ್ಲಿ ಒಬ್ಬ ನೀನೇ ಆಗಿದ್ದರೂ ಲೆಕ್ಕ ಅಷ್ಟೇ ಸರಿಯಾಗಿರುತ್ತಿತ್ತು. ಒಂದು ಫಲಿತಾಂಶದಿಂದ ಸಂಭವನೀಯತೆ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ” ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು ನಕ್ಕ. “ಇದನ್ನು ಅವತ್ತು ತರಗತಿಯಲ್ಲಿ ಯಾಕೆ ಹೇಳಲಿಲ್ಲ ಸಾರ್?” ಎಂದು ಕೇಳಿದ.

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದಲೇ ಇಷ್ಟು ತಡವಾಗಿಯಾದರೂ ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಈಗ ಅಧ್ಯಾಪಕರಾಗಿರುವವರು ಈ ಪಾಠಕ್ಕೆ ಬಂದಾಗ ತರಗತಿಗೆ ನಾಲ್ಕು ಕವಡೆ ಒಯ್ಯಿರಿ. ಲೆಕ್ಕ ತಾಳೆಯಾಗದಿದ್ದರೆ ಗಂಟೆ ಹೊಡೆಯಿತೆಂದು ಹೊರಗೆ ಬರಬೇಡಿ. ಪಾಠ ಆರಂಭವಾಗುವುದೇ ಅಲ್ಲಿಂದ.