ಸಾಲದ ಪಾಲಿಹೌಸಿಗೆ ಮೊದಲು ಸಸಿಗೊಂದು ಸೂರು

ನಮ್ಮ ಶಿಡ್ಲಘಟ್ಟ ಕಡೆ ಟೊಮ್ಯಾಟೊ ತೋಟದ ಬದುವಿನ ಆಚೆಗೇ ಹಿಪ್ಪುನೇರಳೆ ತೋಟ ಇರುತ್ತದೆ. ಕೆಲವು ವರ್ಷಗಳ ಹಿಂದೆ ನಾಟಿ ಮಾಡಿದ ಹದಿನೈದೇ ದಿನಕ್ಕೆ ನನ್ನ ಟೊಮ್ಯಾಟೊಗೆ ಎಲೆ ಮುಟುರು ರೋಗ ಬಂತು. ಬಿಳಿನೊಣ ಸಾಯಲಿ ಅಂತ ವಾರಕ್ಕೆ ಎರಡು ಸಲ ಔಷಧಿ ಹೊಡೆದೆ. ರೋಗ ನಿಲ್ಲಲಿಲ್ಲ. ಗಾಳಿಗೆ ಔಷಧಿ ಹೋಗಿ ಪಕ್ಕದವರ ಸೊಪ್ಪಿನ ಮೇಲೆ ಬಿತ್ತು. ನಾಲ್ಕನೇ ಜ್ವರ ಎದ್ದ ಹುಳ, ಇನ್ನೇನು ಹಣ್ಣಾಗಬೇಕು, ತಟ್ಟೆಯಲ್ಲೇ ಸತ್ತವು. ಆ ಮನೆಯವರು ಜಗಳ ಆಡಲಿಲ್ಲ. "ನಿಮ್ಮ ಟೊಮ್ಯಾಟೊ ಉಳೀತೋ ಇಲ್ವೋ, ನಮ್ಮ ಹುಳ ಅಂತೂ ಹೋಯ್ತು ಕಣಣ್ಣ" ಅಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಯೋಚಿಸಿದೆ. ರೋಗ ನನ್ನ ಹೊಲದಲ್ಲಿ ಹುಟ್ಟಿದ್ದಲ್ಲ, ಕೊಂಡು ತಂದ ಸಸಿಯಲ್ಲೇ ಬಂದಿರಬೇಕು. ಎಳೆ ಸಸಿಗೆ ಬಿಳಿನೊಣ ಈ ನಂಜು ಅಂಟಿಸಿದರೆ ಗಿಡ ಕುಳ್ಳಾಗಿ, ಕಾಯಿ ಕಚ್ಚುವುದೇ ಇಲ್ಲ. ದೊಡ್ಡ ಗಿಡಕ್ಕೆ ಬಂದರೆ ಅಷ್ಟು ನಷ್ಟವಿಲ್ಲ. ಅಂದಮೇಲೆ ಕಾಯಬೇಕಾದದ್ದು ಮೊದಲ ಇಪ್ಪತ್ತೈದು ದಿನ.

ಇದನ್ನು ಹೇಳಿದರೆ ಹಲವರು "ಪಾಲಿಹೌಸ್ ಹಾಕಿಸು, ಅರ್ಧ ಸಹಾಯಧನ ಸಿಗುತ್ತೆ" ಅಂತಾರೆ. ಸಿಗುವುದು ನಿಜ. ಉಳಿದ ಅರ್ಧಕ್ಕೆ ಒಂದೆಕರೆ, ಎರಡೆಕರೆಯವನು ಸಾಲವನ್ನೇ ಮಾಡಬೇಕು. 2020ರ ಲಾಕ್‌ಡೌನಿನಲ್ಲಿ ನಮ್ಮ ಜಿಲ್ಲೆಯ ಹೂವು ತಿಪ್ಪೆ ಸೇರಿದ್ದು ಯಾರೂ ಮರೆತಿಲ್ಲ. ಹೂವಿನ ಮಾರಾಟ ನಿಂತಿತು, ಬಡ್ಡಿ ನಿಲ್ಲಲಿಲ್ಲ. ತಾಕತ್ತಿದ್ದವರು ಪಾಲಿಹೌಸ್ ಮಾಡಲಿ, ನನ್ನ ತಕರಾರಿಲ್ಲ. ಆದರೆ ಸಣ್ಣ ರೈತ ಮೊದಲು ಕಟ್ಟಬೇಕಾದದ್ದು ಸಸಿಗೊಂದು ಸೂರು.

ಪ್ಲಾಸ್ಟಿಕ್ ಹಸಿರುಮನೆ ಹುಟ್ಟಿದ್ದೂ ಅಗ್ಗಕ್ಕಾಗಿಯೇ. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮರಿ ಎಮರ್ಟ್ ದುಬಾರಿ ಗಾಜಿನ ಬದಲು ತೆಳು ಹಾಳೆ ಹೊದಿಸಿ ಕಟ್ಟಿದರು. ಆದರೆ ಅವರದು ಚಳಿ ದೇಶ. ಒಳಗೆ ಬಿಸಿ ಹಿಡಿದಿಡಲು ಸುತ್ತಲೂ ಮುಚ್ಚುತ್ತಾರೆ. ನಮ್ಮಲ್ಲಿ ಹಾಗೆ ಮುಚ್ಚಿದರೆ ಏಪ್ರಿಲ್‌ನಲ್ಲಿ ಸಸಿ ಬೆಂದು ಹೋಗುತ್ತದೆ. ನಮಗೆ ಬೇಕಾದದ್ದು ಮೇಲೆ ಮಳೆ, ಆಲಿಕಲ್ಲು ತಡೆಯುವ ಹಾಳೆ, ಬದಿಗೆ ಗಾಳಿ ಬಿಟ್ಟು ನೊಣ ತಡೆಯುವ ಬಲೆ.

ಒಂದೆಕರೆಗೆ ಎಷ್ಟು ಜಾಗ ಬೇಕು? ಸಾಲಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇಟ್ಟರೆ ಸುಮಾರು 5,800 ಸಸಿ. 98 ಗುಳಿಯ ಟ್ರೇ 65 ಇದ್ದರೆ ಹುಟ್ಟದೆ ಹೋದದ್ದನ್ನೂ ತುಂಬಿಕೊಳ್ಳಬಹುದು. ಇಷ್ಟೂ ಟ್ರೇ 100 ಚದರ ಅಡಿಯಲ್ಲಿ ಕೂರುತ್ತವೆ. ಓಡಾಟಕ್ಕೆ ಅಷ್ಟೇ ಜಾಗ ಬಿಟ್ಟರೆ 10 ಅಡಿ ಅಗಲ, 20 ಅಡಿ ಉದ್ದ ಧಾರಾಳ.

ಬತ್ತಿದ ಬೋರ್‌ವೆಲ್ಲಿಂದ ಮೇಲೆತ್ತಿದ ಕಪ್ಪು ಪೈಪು ನಮ್ಮಲ್ಲಿ ಯಾರ ಮನೆ ಹಿಂದೆ ಇಲ್ಲ? ಅದನ್ನು 20 ಅಡಿಯಂತೆ ಐದು ತುಂಡು ಮಾಡಿದೆ. 10 ಅಡಿ ಅಂತರದಲ್ಲಿ ಎರಡು ಸಾಲು ಕಬ್ಬಿಣದ ಗೂಟ ಹೊಡೆದು, ಪೈಪು ಬಗ್ಗಿಸಿ ಎರಡೂ ತುದಿ ಸಿಕ್ಕಿಸಿದೆ. ಐದೈದು ಅಡಿಗೊಂದು ಕಮಾನು. ನಡುವೆ 7 ಅಡಿ ಎತ್ತರ ಬರುತ್ತದೆ, ತಲೆ ತಗ್ಗಿಸದೆ ಓಡಾಡಬಹುದು. ನೆತ್ತಿಯುದ್ದಕ್ಕೂ ಒಂದು ಬಿದಿರು ಕಟ್ಟಿದೆ. ಮೇಲೆ 12 ಅಡಿ ಅಗಲದ, ಬಿಸಿಲು ತಾಳುವ 200 ಮೈಕ್ರಾನ್ ಹಾಳೆ. 22 ಅಡಿ ಉದ್ದಕ್ಕೆ ನಾಲ್ಕೂವರೆ ಕೆ.ಜಿ. ಸಾಕು. ಎರಡೂ ಬದಿ ಕೆಳಗಿನ 4 ಅಡಿಗೆ, ಎರಡೂ ತುದಿಗೆ 40 ಮೆಶ್ ಬಲೆ. ಬಲೆಯ ಅಂಚು ಮಣ್ಣಲ್ಲಿ ಹೂತಿರಬೇಕು. ಪೈಪು ಮನೆಯಲ್ಲೇ ಇದ್ದದ್ದರಿಂದ ನನಗೆ ಐದು ಸಾವಿರ ಮುಟ್ಟಲಿಲ್ಲ, ಒಂದು ಮೇಕೆಯ ಬೆಲೆ.

ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಮೇಲೆ ಹಗ್ಗ ಎಳೆದು ಕಟ್ಟಿರಲಿಲ್ಲ. ಮೇ ತಿಂಗಳ ಒಂದು ಸಂಜೆಯ ಗಾಳಿಗೆ ಹಾಳೆ ಹೋಗಿ ಜಾಲಿಮರದಲ್ಲಿ ಕೂತಿತು. ಈಗ ಎರಡು ಕಮಾನಿನ ನಡುವೆ ಒಂದೊಂದು ಹಗ್ಗ, ಎರಡೂ ಕಡೆ ಗೂಟಕ್ಕೆ ಬಿಗಿ. ಕಪ್ಪು ಪೈಪು ಕಾದು ತಾಗಿದ ಕಡೆ ಹಾಳೆ ಬೇಗ ಹರಿಯಿತು. ಈಗ ಪೈಪಿಗೆ ಹಳೇ ಬಿಳಿ ಬಟ್ಟೆ ಸುತ್ತಿದ್ದೇನೆ. ನೀರು ಜಾಸ್ತಿ ಹಾಕಿ ಒಂದು ಸಲ ಸಸಿಗಳ ಬುಡ ಕೊಳೆಯಿತು. ಬೇಸಿಗೆಯಲ್ಲಿ ಮೇಲೊಂದು ನೆರಳು ಬಲೆ ಬೇಕೇ ಬೇಕು. ಅಂಗಡಿಯ ಮಾಮೂಲಿ ಹಾಳೆ ತರಬೇಡಿ, ಒಂದು ಬೇಸಿಗೆಗೇ ಪುಡಿಯಾಗುತ್ತದೆ. ಹರಿದ ಹಾಳೆ ಸುಡದೆ ಗುಜರಿಗೆ ಕೊಡಿ.

ಸಸಿ ಇಲ್ಲದ ದಿನಗಳಲ್ಲಿ ಒಳಗೆ ಕೊತ್ತಂಬರಿ, ಮೆಂತ್ಯ, ಪಾಲಕ್ ಹಾಕುತ್ತೇನೆ. ಜಡಿಮಳೆಗೆ ಹೊರಗಿನ ಕೊತ್ತಂಬರಿ ಕೊಳೆಯುವಾಗ ನಮ್ಮ ಕಟ್ಟು ನಿಗರಿ ನಿಂತಿರುತ್ತದೆ. ಸೌತೆ ಮಾತ್ರ ಬೇಡ. ಬಲೆಯೊಳಗೆ ಜೇನು ಬರುವುದಿಲ್ಲ, ಕೈಯಲ್ಲೇ ಪರಾಗ ಮುಟ್ಟಿಸಬೇಕಾಗುತ್ತದೆ.

ಇದರಿಂದ ಎಲ್ಲ ಕಷ್ಟ ತೀರಿತು ಅಂತ ಹೇಳುವುದಿಲ್ಲ. ನಾಟಿ ಮಾಡಿದ ಮೇಲೆ ಹೊಲದಲ್ಲಿ ಬಿಳಿನೊಣ ಇದ್ದೇ ಇರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಎಲೆ ಮುಟುರು ತಡೆಯುವ ತಳಿಯನ್ನೇ ಹಾಕಿದರೆ ಒಳ್ಳೆಯದು. ಮಾರುಕಟ್ಟೆ ಬೆಲೆಗೆ ಯಾವ ಸೂರೂ ಇಲ್ಲ. ಆದರೆ ಔಷಧಿ ಹೊಡೆಯುವುದು ನನ್ನ ಮಟ್ಟಿಗೆ ಅರ್ಧಕ್ಕಿಂತ ಕಡಿಮೆಯಾಗಿದೆ. ಹೊಡೆಯಲೇಬೇಕಾದ ದಿನ ಮೊದಲು ಪಕ್ಕದವರನ್ನು ಕೇಳುತ್ತೇನೆ, "ಹುಳ ಯಾವ ಜ್ವರದಲ್ಲಿವೆ?" ಅಂತ.

ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ ಕಡೆಯ ಸಣ್ಣ ರೈತರಿಗೆ ನಾನು ಹೇಳುವುದು ಇಷ್ಟೇ. ಮನೆ ಹಿಂದಿನ ಹಳೇ ಪೈಪು ಒಮ್ಮೆ ಎಣಿಸಿ ನೋಡಿ. ಸಾಲದ ಅರ್ಜಿ ಆಮೇಲೆ ಬರೆಯೋಣ.