ಭಾನುವಾರದ ಕಾರು, ಗುಡ್ಡದ ಲೆಕ್ಕ

ಮಳೆಗಾಲ ಕಳೆದು ಘಾಟಿಯ ಹಾದಿಗಳು ಒಣಗುವ ಹೊತ್ತಿಗೆ ಮಲೆನಾಡಿನ ಕೆಲವು ಮನೆಗಳಲ್ಲಿ ಒಂದು ಆಸೆ ಚಿಗುರುತ್ತದೆ. ತೋಟವಿದೆ, ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳವಿದೆ, ಅಂಗಳದಲ್ಲಿ ಒಂದು ಜೀಪು, ಒಂದು ದೊಡ್ಡ ಕಾರು ಆಗಲೇ ನಿಂತಿವೆ. ಇನ್ನು ಉಳಿದಿರುವುದು ಎರಡೇ ಆಸನದ, ಟಾಪು ಮಡಚಿ ಆಕಾಶಕ್ಕೆ ತೆರೆದುಕೊಳ್ಳುವ ಒಂದು ಸ್ಪೋರ್ಟ್ಸ್ ಕಾರು. ಹೊಸದು ಕೈಗೆ ಎಟುಕದು, ಹಳೆಯದು ಎಟುಕುತ್ತದೆ. ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಹಿಂದೆ ಹಣದ ಸುತ್ತ ಮಾತ್ರ ನಡೆಯುತ್ತಿತ್ತು. ಈಗ ಅದಕ್ಕೆ ಪರಿಸರದ ಮಾತೂ ಸೇರಿಕೊಂಡಿದೆ. ಹೊಸ ಕಾರು ಕೊಂಡರೆ ಭೂಮಿಗೆ ಭಾರ, ಹಳೆಯದನ್ನು ಕೊಂಡರೆ ಮರುಬಳಕೆ. ಆದ್ದರಿಂದ ಇದು ಶೋಕಿಯಲ್ಲ, ಒಂದು ಬಗೆಯ ಹಸಿರು ನಡೆ ಎಂಬುದು ವಾದ. ವಾದ ಕೇಳಲು ಸೊಗಸಾಗಿದೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಉಳಿದ ಅರ್ಧವನ್ನು ಪರಿಶೀಲಿಸದೆ ಬಿಟ್ಟರೆ ಮಲೆನಾಡು ಅದರ ಬೆಲೆ ತೆರಬೇಕಾಗುತ್ತದೆ.

ಮೊದಲು ಸತ್ಯದ ಭಾಗವನ್ನು ಒಪ್ಪಿಕೊಳ್ಳುವುದು ನ್ಯಾಯ. ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಗಾಜು, ರಬ್ಬರುಗಳನ್ನೆಲ್ಲ ಸೇರಿಸಿ ಒಂದು ಸಾಧಾರಣ ಪೆಟ್ರೋಲ್ ಕಾರನ್ನು ತಯಾರಿಸುವಷ್ಟರಲ್ಲಿ 5ರಿಂದ 10 ಟನ್ನುಗಳಷ್ಟು ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆಂಬುದು ಸಾಮಾನ್ಯ ಅಂದಾಜು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೊರಬರುವುದು ಸುಮಾರು 2.3 ಕಿಲೋ. ಲೀಟರಿಗೆ 14 ಕಿಲೋಮೀಟರ್ ಓಡುವ ಕಾರು ವರ್ಷಕ್ಕೆ 5,000 ಕಿಲೋಮೀಟರ್ ಕ್ರಮಿಸಿದರೆ ಉಗುಳುವುದು ಒಂದು ಟನ್ನಿಗೂ ಕಡಿಮೆ. ಅಂದರೆ ಕಡಿಮೆ ಓಡಿಸುವವನ ಮಟ್ಟಿಗೆ ಕಾರ್ಖಾನೆಯಲ್ಲಿ ಆದ ಹೊರೆಯೇ ಹಲವು ವರ್ಷಗಳ ಇಂಧನದ ಹೊರೆಗೆ ಸಮ. ಅಂಥವನು ಹೊಸ ಕಾರನ್ನು ಬಿಟ್ಟು ಹಳೆಯದನ್ನು ದುರಸ್ತಿ ಮಾಡಿ ಓಡಿಸಿದರೆ ಅದು ನಿಜವಾದ ಉಳಿತಾಯ. ತೂಕದ ಪ್ರಶ್ನೆಯೂ ಹಾಗೆಯೇ. ಈ ಜಾತಿಯ ಕಾರುಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಮಾಜ್ದಾ ಎಂಎಕ್ಸ್-5, 1989ರಲ್ಲಿ ಬಂದು 2016ರ ಹೊತ್ತಿಗೆ ಹತ್ತು ಲಕ್ಷದ ಸಂಖ್ಯೆ ಮುಟ್ಟಿತು. ಅದರ ಮೊದಲ ಮಾದರಿ ಒಂದು ಟನ್ನಿಗಿಂತ ಹಗುರ.

ಹಾಗೆ ನೋಡಿದರೆ ಕೆಂಪು ಬಣ್ಣದ ಪುಟ್ಟ ಕಾರನ್ನು ಕಂಡು ಮೂಗು ಮುರಿಯುವ ಪರಿಸರವಾದಿಗಳೂ ಸ್ವಲ್ಪ ಕನ್ನಡಿ ನೋಡಿಕೊಳ್ಳಬೇಕು. ಪಶ್ಚಿಮಘಟ್ಟ ಉಳಿಸುವ ಸಭೆಗೆ ಎರಡು ಟನ್ ತೂಕದ ಡೀಸೆಲ್ ವಾಹನದಲ್ಲಿ ಒಬ್ಬರೇ ಬಂದಿಳಿಯುವವರ ಸಂಖ್ಯೆ ಕಡಿಮೆಯೇನಲ್ಲ. ದೇಶದಲ್ಲಿ 2023-24ರಲ್ಲಿ ಮಾರಾಟವಾದ ಹೊಸ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎತ್ತರದ, ಭಾರದ ಜಾತಿಯವು. ಟಾಪು ಇಲ್ಲದ ಕಾರು ಪಾಪ, ಟಾಪಿನ ಮೇಲೆ ಸಾಮಾನಿನ ಕಂಬಿ ಇರುವ ಕಾರು ಪುಣ್ಯ ಎಂಬ ತೀರ್ಮಾನಕ್ಕೆ ವಿಜ್ಞಾನದ ಆಧಾರವಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಮರುಬಳಕೆಯ ವಾದ ಎಲ್ಲಿ ಮುರಿಯುತ್ತದೆಂಬುದನ್ನು ನೋಡಬಹುದು. ಮರುಬಳಕೆ ಎಂದರೆ ಒಂದು ಹೊಸ ವಸ್ತುವಿನ ಬದಲಿಗೆ ಹಳೆಯದನ್ನು ಬಳಸುವುದು. ಎರಡು ಆಸನದ ಕಾರು ಯಾವುದರ ಬದಲಿಗೆ ಬರುತ್ತದೆ? ಅದರಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜೊತೆಗೆ ಇನ್ನೊಬ್ಬರು ಕೂರಲಾರರು. ಗೊಬ್ಬರದ ಚೀಲ, ಅಡಿಕೆ ಮೂಟೆ, ಸಸಿಗಳ ಟ್ರೇ ಹಿಡಿಸವು. ತೋಟದ ಮಣ್ಣುದಾರಿಯ ನಡುದಿಬ್ಬಕ್ಕೆ ಅದರ ತಳ ತಾಗುತ್ತದೆ. ಆದ್ದರಿಂದ ಜೀಪು ಹಾಗೆಯೇ ಉಳಿಯುತ್ತದೆ, ದೊಡ್ಡ ಕಾರೂ ಉಳಿಯುತ್ತದೆ. ಇದು ಮೂರನೆಯದಾಗಿ ಸೇರುತ್ತದೆ. ಇತ್ತ ಅದನ್ನು ಮಾರಿದವನು ಸುಮ್ಮನಿರುವನೇ? ಕೈಗೆ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸದೊಂದನ್ನು ತರುವ ಸಾಧ್ಯತೆಯೇ ಹೆಚ್ಚು. ಇರುವುದಕ್ಕೆ ಬದಲಾಗಿ ಬಂದರೆ ಮರುಬಳಕೆ, ಇರುವುದರ ಜೊತೆಗೆ ಬಂದರೆ ಬಳಕೆ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ವಸ್ತುವೂ ಹಸಿರಾಗುವುದಿಲ್ಲ.

ಬಳಕೆಯ ಲೆಕ್ಕವನ್ನು ಹೊಲದ ಭಾಷೆಯಲ್ಲಿ ಹೇಳಿದರೆ ರೈತರಿಗೆ ಬೇಗ ತಿಳಿಯುತ್ತದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಮೇಲೆ ಹೇಳಿದ 5,000 ಕಿಲೋಮೀಟರಿಗೆ ಬೇಕಾಗುವುದು ಸುಮಾರು 357 ಲೀಟರ್. ಅದರಲ್ಲಿ 71 ಲೀಟರ್ ಎಥೆನಾಲ್. ಒಂದು ಟನ್ ಕಬ್ಬಿನಿಂದ ದೊರೆಯುವುದು ಸುಮಾರು 70 ಲೀಟರ್. ಕಬ್ಬಿನ ಮೂಲದ ಒಂದು ಲೀಟರ್ ಎಥೆನಾಲಿಗೆ 2,860 ಲೀಟರ್ ನೀರು ಬೇಕೆಂಬುದು ನೀತಿ ಆಯೋಗದ 2021ರ ಮಾರ್ಗನಕ್ಷೆ ಕೊಟ್ಟ ಲೆಕ್ಕ. ಎಥೆನಾಲೆಲ್ಲ ಕಬ್ಬಿನಿಂದಲೇ ಬಂತೆಂದುಕೊಂಡರೆ ವರ್ಷದ ಭಾನುವಾರಗಳ ಗಾಳಿಸವಾರಿಗೆ ಒಂದು ಟನ್ ಕಬ್ಬು, ಎರಡು ಲಕ್ಷ ಲೀಟರ್ ನೀರು. ಮೆಕ್ಕೆಜೋಳದಿಂದ ಬಂತೆಂದುಕೊಂಡರೆ, ಟನ್ನಿಗೆ ಸುಮಾರು 380 ಲೀಟರಿನಂತೆ, ಹೆಚ್ಚುಕಡಿಮೆ ಎರಡು ಕ್ವಿಂಟಲ್ ಕಾಳು. ಈ ಲೆಕ್ಕ ಎಲ್ಲ ಪೆಟ್ರೋಲ್ ಕಾರುಗಳಿಗೂ ಒಂದೇ ಎಂಬುದು ನಿಜ. ಆದರೆ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಓಡಿದ ಕಿಲೋಮೀಟರ್ ಬೇರೆ. ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ ಓಡಿದ ಕಿಲೋಮೀಟರ್ ಬೇರೆ. ಈ ಕಾರಿನ ಕಿಲೋಮೀಟರುಗಳು ಬಹುತೇಕ ಎರಡನೆಯ ಬಗೆಯವು.

ಮಲೆನಾಡಿನ ಹವೆಗೂ ಈ ಕಾರಿಗೂ ಇರುವ ಸಂಬಂಧವನ್ನು ಕೊಳ್ಳುವವರು ಮರೆಯುತ್ತಾರೆ. ಬಟ್ಟೆಯ ಟಾಪು ವರ್ಷಗಳು ಕಳೆದಂತೆ ಹೊಲಿಗೆಯಲ್ಲಿ ಸೋರುತ್ತದೆ. ಅಂಚಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಟಾಪಿನ ಬುಡದಲ್ಲಿ ನೀರು ಹರಿದುಹೋಗಲು ಇರುವ ಸಣ್ಣ ತೂಬುಗಳಿಗೆ ಎಲೆ, ಹೂವು, ಹಾವಸೆ ತುಂಬಿಕೊಂಡರೆ ನೀರು ಒಳಗೇ ನಿಂತು ನೆಲಹಾಸು ಕೊಳೆಯುತ್ತದೆ, ಬಾಗಿಲ ಕೆಳಗಿನ ಉಕ್ಕಿನ ಪಟ್ಟಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಡಿಕೆ ಒಣಗಿಸುವುದೇ ಕಷ್ಟವಾದ ಊರಿನಲ್ಲಿ ಬೂಷ್ಟು ಕಾರಿನ ಆಸನವನ್ನು ಬಿಡುವುದಿಲ್ಲ. ಅಂದರೆ ವರ್ಷದ ನಾಲ್ಕು ತಿಂಗಳು ಈ ವಾಹನ ಕೊಟ್ಟಿಗೆಯಲ್ಲಿ ಕಂಬಳಿ ಹೊದ್ದು ಮಲಗಬೇಕು. ಹಾಗೆ ಮಲಗಿದ ಕಾರು ಓಡುವುದಕ್ಕಿಂತ ಬೇಗ ಹಾಳಾಗುತ್ತದೆ. ಕಾರ್ಖಾನೆಯ ಇಂಗಾಲವನ್ನು ಉಳಿಸಹೊರಟವನು ಅದನ್ನು ಮಳೆಗೆ ಒಪ್ಪಿಸಿದಂತಾಯಿತು.

ಭಾರತದಲ್ಲಿ ಇಂಥ ಹಳೆಯ ಕಾರುಗಳ ಆಯ್ಕೆಯೂ ಚಿಕ್ಕದು. ಮಾಜ್ದಾದ ಆ ಹಗುರ ಕಾರನ್ನು ಕಂಪನಿ ಇಲ್ಲಿ ಮಾರಲೇ ಇಲ್ಲ. ಸಿಗುವ ಬಿಎಂಡಬ್ಲ್ಯು ಜೆಡ್4, ಮರ್ಸಿಡಿಸ್ ಎಸ್‌ಎಲ್‌ಕೆಗಳಲ್ಲಿ ಲೋಹದ ಮಾಡನ್ನು ಯಂತ್ರವೇ ಮಡಚುವ ಮಾದರಿಗಳು ಒಂದೂವರೆ ಟನ್ನಿನ ಆಸುಪಾಸು ತೂಗುತ್ತವೆ. ಹಗುರತನದ ವಾದ ಅಲ್ಲಿಗೆ ಬಿದ್ದುಹೋಗುತ್ತದೆ. ಗೋವಾದಲ್ಲಿ ತಯಾರಾದ ಸಾನ್ ಸ್ಟಾರ್ಮ್ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ. ರೆನೋ ಕಂಪನಿಯ ಸುಮಾರು 1.2 ಲೀಟರಿನ ಪುಟ್ಟ ಎಂಜಿನ್, ಫೈಬರ್‌ಗ್ಲಾಸಿನ ಮೈ. ಆ ಮೈಗೆ ತುಕ್ಕಿಲ್ಲ ಎಂಬುದು ಮಲೆನಾಡಿನಲ್ಲಿ ದೊಡ್ಡ ಗುಣವೇ. ಆದರೆ ಉಕ್ಕನ್ನು ಕರಗಿಸಿ ಮತ್ತೆ ಉಕ್ಕು ಮಾಡಬಹುದು. ರಾಳದಲ್ಲಿ ಗಟ್ಟಿಯಾದ ಗಾಜಿನ ನಾರನ್ನು ಹಾಗೆ ಕರಗಿಸಲಾಗದು. ಅದರ ಕೊನೆಯ ತಾಣ ಬಹುಮಟ್ಟಿಗೆ ತಿಪ್ಪೆ. ಶೇ. 20ರ ಎಥೆನಾಲನ್ನು ಗಮನದಲ್ಲಿಟ್ಟು ತಯಾರಾಗದ ಇಂಥ ಹಳೆಯ ಎಂಜಿನ್ನುಗಳ ರಬ್ಬರ್ ಕೊಳವೆಗಳನ್ನು, ಸೀಲುಗಳನ್ನು ಪರೀಕ್ಷಿಸಿ ಬದಲಿಸಬೇಕಾಗುತ್ತದೆ. 2020ರ ಏಪ್ರಿಲಿನಲ್ಲಿ ಜಾರಿಯಾದ ಬಿಎಸ್-6 ಮಾನದಂಡಕ್ಕೆ ಹೋಲಿಸಿದರೆ ಇವುಗಳ ಹೊಗೆಯೂ ಕೊಳಕು. ಇಪ್ಪತ್ತು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 5,000 ರೂಪಾಯಿಯಿಂದ 10,000ಕ್ಕೆ ಏರಿಸಿದ್ದನ್ನೂ ಕೊಳ್ಳುವವರು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇವೆಲ್ಲ ಕೊಳ್ಳುವವನ ಕಷ್ಟ, ಅವನು ಸಹಿಸಿಕೊಂಡಾನು. ಗುಡ್ಡದ ಕಷ್ಟ ಬೇರೆ. ಹಗುರ ಕಾರಿನ ಚಕ್ರದಿಂದ ರಸ್ತೆ ಕೆಡುವುದಿಲ್ಲ. ರಸ್ತೆ ಕೆಡಿಸುವುದು ಅದಿರಿನ, ಮರಳಿನ, ಜಲ್ಲಿಯ ಲಾರಿಗಳ ಅಚ್ಚುಭಾರ. ಗುಡ್ಡಕ್ಕೆ ಈ ಕಾರಿನ ಭಾರ ಬೀಳುವುದು ಚಕ್ರದ ಮೂಲಕವಲ್ಲ, ಎಣಿಕೆಯ ಮೂಲಕ. ರಸ್ತೆ ಅಗಲಿಸಬೇಕೇ ಎಂದು ನಿರ್ಧರಿಸುವ ಎಂಜಿನಿಯರುಗಳು ಎಣಿಸುವುದು ಜನರನ್ನಲ್ಲ, ವಾಹನಗಳನ್ನು. ಅವರ ಅಳತೆಗೋಲಿಗೆ ‘ಪ್ಯಾಸೆಂಜರ್ ಕಾರ್ ಯೂನಿಟ್’ ಎಂದು ಹೆಸರು. ಗ್ರಾಮೀಣ ಹೆದ್ದಾರಿಗಳ ಲೆಕ್ಕದಲ್ಲಿ ಒಂದು ಕಾರಿಗೆ ಒಂದು ಅಂಕ, ಒಂದು ಬಸ್ಸಿಗೆ ಮೂರು. ಐವತ್ತು ಜನ ಒಂದು ಸರ್ಕಾರಿ ಬಸ್ಸಿನಲ್ಲಿ ಘಾಟಿ ಹತ್ತಿದರೆ ಮೂರು ಅಂಕ. ಅದೇ ಐವತ್ತು ಜನ ಇಬ್ಬಿಬ್ಬರಂತೆ ಹತ್ತಿದರೆ ಇಪ್ಪತ್ತೈದು ಅಂಕ. ಇಪ್ಪತ್ತೈದು ಅಂಕಗಳ ದಟ್ಟಣೆ ಯೋಜನಾ ವರದಿಯಲ್ಲಿ ಕುಳಿತುಕೊಳ್ಳುತ್ತದೆ. ವರದಿ ಜೆಸಿಬಿಯಾಗಿ ಗುಡ್ಡದ ಬುಡಕ್ಕೆ ಬರುತ್ತದೆ.

ಕಡಿದ ಗುಡ್ಡ ಏನು ಮಾಡುತ್ತದೆಂಬುದನ್ನು ಹೇಳಬೇಕಾಗಿಲ್ಲ. 2019ರಲ್ಲಿ ಚಾರ್ಮಾಡಿ ಕುಸಿದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಸಕಲೇಶಪುರದ ದೋಣಿಗಾಲಿನಲ್ಲಿ, ಚತುಷ್ಪಥಕ್ಕಾಗಿ ಕಡಿದ ಹೆದ್ದಾರಿಯ ಬದಿ ಜರಿಯಿತು. ಅದೇ ತಿಂಗಳ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಗಳು ಹೋದವು. ಇವಕ್ಕೆಲ್ಲ ಎರಡು ಆಸನದ ಕಾರೇ ಕಾರಣವೆನ್ನುವುದು ಸುಳ್ಳು. ಆದರೆ ಅಗತ್ಯವಿಲ್ಲದ ಪ್ರತಿಯೊಂದು ವಾಹನವೂ ಆ ಎಣಿಕೆಗೆ ತನ್ನ ಒಂದು ಅಂಕವನ್ನು ಕೊಟ್ಟೇ ಕೊಡುತ್ತದೆ ಎಂಬುದು ಸುಳ್ಳಲ್ಲ. ಎಣಿಕೆ ಮಿತಿಮೀರಿದ್ದರಿಂದಲೇ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೂ ಕೊಡೈಕೆನಾಲಿಗೂ ಇ-ಪಾಸ್ ಬಂತು. 2025ರಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ ಕಡ್ಡಾಯವಾಯಿತು.

ತೆರೆದ ಕಾರಿನಲ್ಲಿ ಹೋದರೆ ಕಾಡಿನ ವಾಸನೆ ಬರುತ್ತದೆ, ಹಕ್ಕಿಯ ಕೂಗು ಕೇಳುತ್ತದೆ, ಮುಚ್ಚಿದ ಕಾರಿನ ಹವಾನಿಯಂತ್ರಿತ ಕುರುಡಿಗಿಂತ ಅದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಆ ಅನುಭವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸ್ಪೋರ್ಟ್ಸ್ ಕಾರಿನ ಹೊಗೆಕೊಳವೆಯ ಮುಂದೆ ಯಾವ ಹಕ್ಕಿಯ ಕೂಗು ಕೇಳೀತು? ಮೊದಲ ಮಳೆಯ ರಾತ್ರಿ ರಸ್ತೆಗಿಳಿಯುವ ಕಪ್ಪೆಗಳಿಗೆ ಚಕ್ರದ ಮೇಲಿನ ಟಾಪು ಮುಚ್ಚಿದೆಯೋ ತೆರೆದಿದೆಯೋ ಎಂಬುದರಿಂದ ಏನಾದರೂ ವ್ಯತ್ಯಾಸವಾದೀತೇ? ಕಾಡಿನ ವಾಸನೆ ಬೇಕಾದವನಿಗೆ ಕಾಲುಗಳಿವೆ, ಕಾಲು ಸೋತವನಿಗೆ ಕಿಟಕಿ ತೆರೆದ ಬಸ್ಸಿದೆ.

ಹಾಗಾದರೆ ತೀರ್ಮಾನವೇನು? ಕೊಳ್ಳಬೇಕೆಂಬ ಆಸೆಯವನು ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕೊಡಲಿ. ಇದು ಮನೆಗೆ ಬಂದ ದಿನ ಅಂಗಳದಿಂದ ಇನ್ನೊಂದು ವಾಹನ ಹೊರಹೋಗುವುದೇ? ವರ್ಷದ ಒಟ್ಟು ಕಿಲೋಮೀಟರ್ ಇಂದಿರುವುದಕ್ಕಿಂತ ಹೆಚ್ಚದೆ ಇರುವುದೇ? ಮಳೆಗಾಲಕ್ಕೆ ಒಣಗಿದ ಜಾಗವೂ, ಬಿಡಿಭಾಗ ಹುಡುಕಿ ದುರಸ್ತಿ ಮಾಡಬಲ್ಲ ಮೆಕ್ಯಾನಿಕ್ಕೂ ಊರಿನ ಹತ್ತಿರ ಉಂಟೇ? ಮೂರಕ್ಕೂ ಹೌದೆಂದರೆ ಕೊಳ್ಳಲಿ, ಬೇಕಾದರೆ ಟಾಪು ತೆರೆದೇ ಓಡಿಸಲಿ. ಹೊಸ ದೊಡ್ಡ ಕಾರು ತಂದ ನೆರೆಮನೆಯವನಿಗಿಂತ ಅವನು ಭೂಮಿಗೆ ಹಗುರ. ಒಂದಕ್ಕಾದರೂ ಇಲ್ಲವೆಂದರೆ ಕೊಳ್ಳದಿರಲಿ. ಕೊಂಡೇ ಕೊಳ್ಳುವುದಾದರೆ ಶೋಕಿಯನ್ನು ಶೋಕಿಯೆಂದೇ ಕರೆಯಲಿ, ಅದಕ್ಕೆ ಮರುಬಳಕೆಯ ಹೆಸರಿಡದಿರಲಿ.

ಈ ಮೂರು ಪ್ರಶ್ನೆಗಳು ಅಂಗಳದಲ್ಲಿ ಆಗಲೇ ನಿಂತಿರುವ ವಾಹನಗಳಿಗೂ ಅನ್ವಯಿಸುತ್ತವೆ. ಚಳವಳಿಯ ಸಭೆಗೆ ಬರುವವರು ಅವನ್ನು ಮೊದಲು ತಮ್ಮ ಮನೆಯಲ್ಲೇ ಕೇಳಿಕೊಂಡು ಬರಲಿ. ಮುಂದಿನ ಸಲ ಘಾಟಿಯಲ್ಲಿ ವಾಹನ ಎಣಿಸಲು ಜನ ಕೂತಾಗ ಅವರ ಪಟ್ಟಿ ಒಂದೊಂದು ಅಂಕವಾಗಿ ಇಳಿದಿರಲಿ. ಬಸ್ಸಿನ ಮೂರು ಅಂಕ ಮಾತ್ರ ಐವತ್ತು ಜನರನ್ನು ಹೊತ್ತು ಹತ್ತುತ್ತಿರಲಿ. ಗುಡ್ಡ ಉಳಿಸುವ ಕೆಲಸದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮಾಡಬಹುದಾದ ಭಾಗ ಇದು.