ಕೋಚ್ ತಲೆದಂಡದಿಂದ ತಂಡ ಗೆಲ್ಲುವುದಿಲ್ಲ

162 ಪಂದ್ಯ, 41 ಗೆಲುವು, 121 ಸೋಲು. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಲೆಕ್ಕ ಇದು. ಇಪ್ಪತ್ತನೇ ಶತಮಾನ ಶುರುವಾದಾಗಿನಿಂದ ಅಮೆರಿಕದ ಮೇಜರ್ ಲೀಗ್‌ನಲ್ಲಿ ಯಾವ ತಂಡವೂ ಒಂದೇ ಸೀಸನ್‌ನಲ್ಲಿ ಇಷ್ಟು ಪಂದ್ಯ ಸೋತಿರಲಿಲ್ಲ. ಅದಕ್ಕೂ ಮೊದಲಿನ ಕೆಟ್ಟ ದಾಖಲೆ 1962ರ ನ್ಯೂಯಾರ್ಕ್ ಮೆಟ್ಸ್‌ನದು, 120 ಸೋಲು. ಆದರೆ ಮೆಟ್ಸ್ ಆ ವರ್ಷವಷ್ಟೇ ಹುಟ್ಟಿದ ತಂಡ, ಬೇರೆ ತಂಡಗಳು ಬೇಡವೆಂದು ಬಿಟ್ಟುಕೊಟ್ಟ ಆಟಗಾರರನ್ನು ಕೂಡಿಸಿಕೊಂಡು ಕಣಕ್ಕಿಳಿದಿತ್ತು. ವೈಟ್ ಸಾಕ್ಸ್‌ಗೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ದೇಶದ ಮೂರನೇ ದೊಡ್ಡ ನಗರದ ಆಸರೆಯಿದೆ, 2005ರ ವರ್ಲ್ಡ್ ಸೀರೀಸ್ ಟ್ರೋಫಿಯಿದೆ. ಮೂರೇ ವರ್ಷ ಹಿಂದೆ, 2021ರಲ್ಲಿ, 93 ಪಂದ್ಯ ಗೆದ್ದು ತನ್ನ ವಿಭಾಗದ ಚಾಂಪಿಯನ್ ಆಗಿತ್ತು. ಇಂಥ ತಂಡ ಸತತ 21 ಪಂದ್ಯ ಸೋತಾಗ ಅಭಿಮಾನಿಗಳ ಸಿಟ್ಟು ಮೂರು ಕಡೆ ಹರಿಯಿತು. ಕೆಲವರು ಕೋಚ್ ಅಯೋಗ್ಯ ಎಂದರು, ಕೆಲವರು ಆಟಗಾರರಿಗೆ ಛಲವಿಲ್ಲ ಎಂದರು, ಇನ್ನು ಕೆಲವರು ಗ್ಯಾಲರಿಯಲ್ಲಿ ಎದ್ದು ನಿಂತು ಮಾಲೀಕನತ್ತ ‘ತಂಡ ಮಾರಿ’ ಎಂದು ಕೂಗಿದರು. ಮೊದಲಿನ ಎರಡು ಮಾತಿನಲ್ಲಿ ನೋವಿದೆ, ಸಾಕ್ಷ್ಯ ಕಡಿಮೆ. ಮೂರನೆಯವರು ಹೇಳಿದ್ದೇ ನಿಜ. ಈ ತಂಡದ ಸೋಲು ಮೈದಾನದಲ್ಲಿ ಆಗಿದ್ದಲ್ಲ, ಮಾಲೀಕನ ಕೋಣೆಯಲ್ಲಿ ತೀರ್ಮಾನವಾಗಿದ್ದು.

ಕೋಚ್‌ನಿಂದಲೇ ಶುರುಮಾಡೋಣ. ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್‌ಗೆ ಮ್ಯಾನೇಜರ್ ಎನ್ನುತ್ತಾರೆ. ಪೆಡ್ರೊ ಗ್ರಿಫೊಲ್ 2022ರ ಕೊನೆಯಲ್ಲಿ ಆ ಹುದ್ದೆಗೆ ಬಂದರು, 2024ರ ಆಗಸ್ಟ್ 8ರಂದು ಹುದ್ದೆ ಕಳೆದುಕೊಂಡರು. ಎರಡು ಸೀಸನ್‌ಗಳಲ್ಲಿ ಅವರ ಲೆಕ್ಕ 89 ಗೆಲುವು, 190 ಸೋಲು. ಇದನ್ನು ಯಾರೂ ಸಮರ್ಥಿಸಲಾರರು. ಆದರೆ ಅವರನ್ನು ತೆಗೆದ ಮೇಲೆ ಏನಾಯಿತೆಂದು ನೋಡಿ. ಗ್ರಿಫೊಲ್ ಕೈಯಲ್ಲಿ ಆ ವರ್ಷ ತಂಡ 28 ಗೆದ್ದು 89 ಸೋತಿತ್ತು. ಹಂಗಾಮಿಯಾಗಿ ಬಂದ ಗ್ರೇಡಿ ಸೈಜ್‌ಮೋರ್ ಕೈಯಲ್ಲಿ 13 ಗೆದ್ದು 32 ಸೋತಿತು. ಅದೇ ಗತಿಯಲ್ಲಿ ಪೂರ್ತಿ ಸೀಸನ್ ಆಡಿದ್ದರೂ ಸೋಲು 115 ದಾಟುತ್ತಿತ್ತು. ಜುಲೈ ಕೊನೆಯಲ್ಲಿ ಒಂದಷ್ಟು ಒಳ್ಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟಾಗಿತ್ತು, ಸೈಜ್‌ಮೋರ್‌ಗೆ ಸಿಕ್ಕಿದ್ದು ಇನ್ನಷ್ಟು ಸೊರಗಿದ ತಂಡ ಎಂಬುದೂ ನಿಜ. ಆದರೆ ಅದೂ ಹೇಳುವುದು ಇದನ್ನೇ: ಡಗೌಟ್‌ನಲ್ಲಿ ಯಾರು ನಿಂತಿದ್ದಾರೆ ಎಂಬುದಕ್ಕಿಂತ ಅವರ ಕೈಗೆ ಯಾರನ್ನು ಕೊಡಲಾಗಿದೆ ಎಂಬುದು ದೊಡ್ಡದು. ಆ ವರ್ಷ ತಂಡ ಗಳಿಸಿದ್ದು 507 ರನ್, ಬಿಟ್ಟುಕೊಟ್ಟಿದ್ದು 813. ಮುನ್ನೂರಕ್ಕೂ ಹೆಚ್ಚು ರನ್‌ಗಳ ಈ ಅಂತರವನ್ನು ಯಾವ ತಂತ್ರಗಾರನೂ ತುಂಬಲಾರ.

ಇದಕ್ಕೆ ಎದುರಾಗಿ ಅದೇ ವಿಭಾಗದ ಕಾನ್ಸಾಸ್ ಸಿಟಿ ರಾಯಲ್ಸ್ ತಂಡವನ್ನು ಇಟ್ಟು ನೋಡಬೇಕು. 2023ರಲ್ಲಿ ವೈಟ್ ಸಾಕ್ಸ್ 101 ಪಂದ್ಯ ಸೋತರೆ ರಾಯಲ್ಸ್ 106 ಸೋತಿತ್ತು. ಅಂದರೆ ಶಿಕಾಗೊಗಿಂತ ಕೆಟ್ಟ ಸ್ಥಿತಿ, ಶಿಕಾಗೊಗಿಂತ ಎಷ್ಟೋ ಚಿಕ್ಕ ಊರು. ಆಗಷ್ಟೇ ಒಂದು ಸೀಸನ್ ಮುಗಿಸಿದ್ದ ಮ್ಯಾನೇಜರ್ ಮ್ಯಾಟ್ ಕ್ವಾಟ್ರಾರೊ ಅವರನ್ನು ರಾಯಲ್ಸ್ ತೆಗೆಯಲಿಲ್ಲ. ಬದಲಿಗೆ ಆ ಚಳಿಗಾಲದಲ್ಲಿ ಪಿಚರ್‌ಗಳಾದ ಸೆತ್ ಲೂಗೊ ಅವರನ್ನು 4.5 ಕೋಟಿ ಡಾಲರ್‌ಗೆ, ಮೈಕಲ್ ವಾಕಾ ಅವರನ್ನು 3.2 ಕೋಟಿ ಡಾಲರ್‌ಗೆ ಕರೆತಂದಿತು. ತನ್ನಲ್ಲೇ ಬೆಳೆದ ಯುವಕ ಬಾಬಿ ವಿಟ್ ಜೂನಿಯರ್ ಜೊತೆ 28 ಕೋಟಿ ಡಾಲರ್ ಮೀರಿದ ದೀರ್ಘ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಅದೇ ಕ್ವಾಟ್ರಾರೊ ಕೈಯಲ್ಲಿ ರಾಯಲ್ಸ್ 86 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಕೋಚ್ ಅವರೇ. ತಂಡದ ಮೇಲೆ ದುಡ್ಡು ಹಾಕುವ ಮನಸ್ಸು ಬೇರೆ.

ಹಾಗಾದರೆ ಕೋಚ್‌ಗಳನ್ನು ಟೀಕಿಸುವ ಅಭಿಮಾನಿಗೆ ಆಟ ಗೊತ್ತಿಲ್ಲ ಎನ್ನಬೇಕೆ? ಖಂಡಿತ ಇಲ್ಲ. 2022ರ ಜೂನ್ 9ರ ಪಂದ್ಯವನ್ನೇ ತೆಗೆದುಕೊಳ್ಳಿ. ಶಿಕಾಗೊದಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ಎದುರಾಳಿ. ಬ್ಯಾಟ್ ಹಿಡಿದಿದ್ದವರು ಟ್ರೇ ಟರ್ನರ್. ಲೆಕ್ಕ ಒಂದು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಸ್ಟ್ರೈಕ್ ಬಿದ್ದರೆ ಟರ್ನರ್ ಔಟ್. ಆ ಹೊತ್ತಿನಲ್ಲಿ ಮ್ಯಾನೇಜರ್ ಟೋನಿ ಲಾ ರೂಸಾ ಟರ್ನರ್‌ಗೆ ಬೇಕೆಂದೇ ಮೊದಲ ಬೇಸ್ ಬಿಟ್ಟುಕೊಡಲು ಹೇಳಿದರು. ಎರಡು ಸ್ಟ್ರೈಕ್ ಆಗಿವೆ ಎಂದು ಗ್ಯಾಲರಿಯಿಂದ ಒಬ್ಬ ಪ್ರೇಕ್ಷಕ ಕೂಗಿ ಹೇಳಿದ್ದು ಟಿವಿ ಪ್ರಸಾರದಲ್ಲೂ ಕೇಳಿಸಿತು. ಮುಂದೆ ಬಂದ ಮ್ಯಾಕ್ಸ್ ಮನ್ಸಿ ಮೂರು ರನ್‌ಗಳ ಹೋಮ್ ರನ್ ಬಾರಿಸಿದರು. ಡಾಜರ್ಸ್ 11–9ರಿಂದ ಗೆದ್ದಿತು. ಗೆಲ್ಲುವ ಆಸೆ ಇಟ್ಟುಕೊಂಡಿದ್ದ ವೈಟ್ ಸಾಕ್ಸ್ ವರ್ಷದ ಕೊನೆಗೆ 81 ಗೆದ್ದು 81 ಸೋತು ನಿಂತಿತು. ಟಿಕೆಟ್ ಕೊಂಡು ಬಂದ ಆ ಮನುಷ್ಯನಿಗೆ ಕಂಡದ್ದು ಡಗೌಟ್‌ಗೆ ಕಾಣಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಲಾ ರೂಸಾ ಆ ಡಗೌಟ್‌ಗೆ ಬಂದದ್ದು ಹೇಗೆ? 2020ರಲ್ಲಿ ಮ್ಯಾನೇಜರ್ ರಿಕ್ ರೆಂಟೆರಿಯಾ ತಂಡವನ್ನು 12 ವರ್ಷಗಳ ನಂತರ ಪ್ಲೇಆಫ್‌ಗೆ ತಲುಪಿಸಿದ್ದರು. ಸೀಸನ್ ಮುಗಿಯುತ್ತಲೇ ಅವರನ್ನು ಕೈಬಿಡಲಾಯಿತು. ಅವರ ಜಾಗಕ್ಕೆ ಎ.ಜೆ. ಹಿಂಚ್ ಹೆಸರು ಬಲವಾಗಿ ಕೇಳಿಬರುತ್ತಿತ್ತು. ಆಯ್ಕೆಯಾದದ್ದು ಮಾತ್ರ 76 ವರ್ಷದ, 2011ರ ನಂತರ ಒಂದು ಲೀಗ್ ಪಂದ್ಯವನ್ನೂ ನಡೆಸಿರದ ಲಾ ರೂಸಾ. ಅವರ ಹಳೆಯ ಸಾಧನೆ ದೊಡ್ಡದು, ಹಾಲ್ ಆಫ್ ಫೇಮ್ ಸೇರಿದವರು. ಆದರೆ ಅವರು ಬಂದದ್ದು ಮಾಲೀಕ ಜೆರಿ ರೈನ್ಸ್‌ಡಾರ್ಫ್ ಅವರ ಸ್ವಂತ ಇಚ್ಛೆಯಿಂದ. 1986ರಲ್ಲಿ ಲಾ ರೂಸಾರನ್ನು ಕೈಬಿಟ್ಟ ಬಗ್ಗೆ ತಮಗಿದ್ದ ಪಶ್ಚಾತ್ತಾಪವನ್ನು ರೈನ್ಸ್‌ಡಾರ್ಫ್ ಹಲವು ಸಲ ಹೇಳಿಕೊಂಡಿದ್ದಾರೆ. ಮೂವತ್ತನಾಲ್ಕು ವರ್ಷದ ಹಳೆಯ ನೋವಿಗೆ ಒಂದು ಇಡೀ ತಂಡದ ಒಳ್ಳೆಯ ಕಾಲವನ್ನು ಬಳಸಿಕೊಳ್ಳುವುದು ನ್ಯಾಯವಲ್ಲ. ಇತ್ತ ಹಿಂಚ್ ಡೆಟ್ರಾಯಿಟ್ ಟೈಗರ್ಸ್ ಸೇರಿದರು. 2024ರ ಸೆಪ್ಟೆಂಬರ್ 27ರ ರಾತ್ರಿ ವೈಟ್ ಸಾಕ್ಸ್‌ಗೆ 121ನೇ ಸೋಲು ಉಣಿಸಿ, ಅದೇ ಗೆಲುವಿನಿಂದ ಹತ್ತು ವರ್ಷಗಳ ನಂತರ ಪ್ಲೇಆಫ್ ಸೇರಿದ್ದು ಹಿಂಚ್ ಅವರ ಟೈಗರ್ಸ್.

ಇನ್ನು ಆಟಗಾರರ ಮಾತು. ಎಲಾಯ್ ಹಿಮೆನೆಜ್, ಲೂಯಿಸ್ ರಾಬರ್ಟ್, ಯೊವಾನ್ ಮೊಂಕಾಡ, ಈ ಮೂವರೂ 2024ರ ಸೀಸನ್ ಶುರುವಾದ ಎರಡೇ ವಾರಗಳಲ್ಲಿ ಗಾಯಗೊಂಡು ಹೊರಬಿದ್ದರು. ಮೈ ದಣಿಸಿಕೊಳ್ಳದವರು, ಹಣಕ್ಕಷ್ಟೇ ಆಡುವವರು ಎಂಬ ಬೈಗುಳ ಅವರ ಬೆನ್ನು ಹತ್ತಿತು. ಸ್ನಾಯು ಹರಿದವನ ನಿಷ್ಠೆಯನ್ನು ಗ್ಯಾಲರಿಯಿಂದ ಅಳೆಯುವುದು ಕ್ರೌರ್ಯ. ಮೂವರು ಬಿದ್ದರೆ ನಾಲ್ಕನೆಯವನು ಯಾರು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿಡಬೇಕಾದದ್ದು ಆಡಳಿತ. ಗ್ಯಾರೆಟ್ ಕ್ರೋಷೆ ಅವರ ಉದಾಹರಣೆ ಇನ್ನೂ ನಿಚ್ಚಳ. 2024ರಲ್ಲಿ ಈ ಎಡಗೈ ಪಿಚರ್ 146 ಇನಿಂಗ್ಸ್‌ಗಳಲ್ಲಿ 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ಆದರೂ ಅವರ ಹೆಸರಿನ ಮುಂದೆ ಉಳಿದದ್ದು 6 ಗೆಲುವು, 12 ಸೋಲು. ಡಿಸೆಂಬರ್‌ನಲ್ಲಿ ಅವರನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಕೊಡಲಾಯಿತು. ಬಾಸ್ಟನ್ ಅವರೊಂದಿಗೆ ಆರು ವರ್ಷಕ್ಕೆ 17 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಅವರ ಲೆಕ್ಕ 18 ಗೆಲುವು, 5 ಸೋಲು. ತೋಳು ಅದೇ, ಸುತ್ತಲಿನ ತಂಡ ಬೇರೆ. ವೈಟ್ ಸಾಕ್ಸ್ ತನ್ನ ಚರಿತ್ರೆಯಲ್ಲಿ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ ಆ ಹೊತ್ತಿಗೆ ಎಷ್ಟಿತ್ತು ಗೊತ್ತೆ? ಆಂಡ್ರ್ಯೂ ಬೆನಿಂಟೆಂಡಿಗೆ ಐದು ವರ್ಷಕ್ಕೆ 7.5 ಕೋಟಿ ಡಾಲರ್. ಶಿಕಾಗೊದಂಥ ಊರಿನ ತಂಡ ಹತ್ತು ಕೋಟಿಯ ಗೆರೆಯನ್ನು ಒಮ್ಮೆಯೂ ದಾಟಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಜೇಬು ಬಿಗಿ ಹಿಡಿದವರ ಪಾಪಕ್ಕೆ ಬೆವರು ಸುರಿಸಿದವರು ಬೈಗುಳ ತಿಂದರು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಪಿಚರ್ ಮೈಕಲ್ ಕೋಪೆಕ್ 2024ರ ಜುಲೈವರೆಗೆ ವೈಟ್ ಸಾಕ್ಸ್‌ನಲ್ಲಿದ್ದರು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ 4.74 ರನ್ ಕೊಡುತ್ತಿದ್ದರು. ಡಾಜರ್ಸ್‌ಗೆ ಹೋದ ಮೇಲೆ ಅದು 1.13ಕ್ಕೆ ಇಳಿಯಿತು, ಆ ವರ್ಷವೇ ಅವರು ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಕೆಲವೇ ವಾರಗಳಲ್ಲಿ ಇಷ್ಟು ಬದಲಾವಣೆ ಆಯಿತೆಂದರೆ ಕೋಚಿಂಗ್‌ನಲ್ಲೇ ಲೋಪವಿತ್ತು ಎಂದಾಯಿತಲ್ಲವೇ ಎಂದು ಕೇಳಬಹುದು. ಇತ್ತು, ಒಪ್ಪಲೇಬೇಕು. ಆದರೆ ಇಂದಿನ ಬೇಸ್‌ಬಾಲ್‌ನಲ್ಲಿ ಕೋಚಿಂಗ್ ಎಂದರೆ ಡಗೌಟ್‌ನ ಕಟಕಟೆಗೆ ಒರಗಿ ನಿಂತ ಒಬ್ಬ ಮನುಷ್ಯನಲ್ಲ. ಚೆಂಡಿನ ತಿರುಗುವಿಕೆಯನ್ನು ಕ್ಯಾಮೆರಾದಲ್ಲಿ ಅಳೆಯುವವರು, ಆ ಅಂಕಿಗಳನ್ನು ಓದುವವರು, ಯಾವ ಎಸೆತ ಹೆಚ್ಚಿಸಬೇಕು, ಯಾವುದನ್ನು ಬಿಡಬೇಕು ಎಂದು ಪಿಚರ್‌ಗೆ ಹೇಳಿಕೊಡುವವರು, ಕೆಳಹಂತದ ತಂಡಗಳಲ್ಲಿ ಹುಡುಗರನ್ನು ವರ್ಷಗಟ್ಟಲೆ ತಿದ್ದುವವರು, ಹೀಗೆ ದೊಡ್ಡದೊಂದು ವ್ಯವಸ್ಥೆ ಅದು. ಆ ವ್ಯವಸ್ಥೆಗೆ ಸಂಬಳ ಕೊಡುವವನು ಮಾಲೀಕ. ಹೀಗಿರುವಾಗ 2023ರ ಆಗಸ್ಟ್‌ನಲ್ಲಿ ರೈನ್ಸ್‌ಡಾರ್ಫ್ ಏನು ಮಾಡಿದರು? ಆಡಳಿತದ ಮೇಲಿದ್ದ ಕೆನ್ ವಿಲಿಯಮ್ಸ್, ರಿಕ್ ಹಾನ್ ಇಬ್ಬರನ್ನೂ ತೆಗೆದು, ಹತ್ತು ದಿನಗಳೊಳಗೆ ಒಳಗಿನವರೇ ಆದ ಕ್ರಿಸ್ ಗೆಟ್ಜ್‌ಗೆ ಆ ಅಧಿಕಾರ ಕೊಟ್ಟರು. 2016ರ ಕೊನೆಯಿಂದ ಯುವ ಆಟಗಾರರನ್ನು ಬೆಳೆಸುವ ವಿಭಾಗ ಇದ್ದದ್ದು ಗೆಟ್ಜ್ ಕೈಯಲ್ಲೇ. ಹೊರಗಿನವರು ಬಂದರೆ ಸಂಸ್ಥೆಯನ್ನು ಅರ್ಥಮಾಡಿಕೊಳ್ಳಲು ಒಂದು ವರ್ಷ ಬೇಕು, ಅಭಿಮಾನಿಗಳಿಗಾಗಿ ತಂಡ ಬೇಗ ಸುಧಾರಿಸಬೇಕು ಎಂಬುದು ಮಾಲೀಕರು ಕೊಟ್ಟ ಕಾರಣ. ಹಾಗೆ ಉಳಿಸಿದ ವರ್ಷದಲ್ಲೇ 121 ಸೋಲು ಬಂತು.

ಇದು ಪುನರ್ನಿರ್ಮಾಣದ ಕಾಲ, ಸೋಲನ್ನು ಸಹಿಸಬೇಕು ಎನ್ನುವವರೂ ಇದ್ದಾರೆ. 2013ರಲ್ಲಿ 111 ಪಂದ್ಯ ಸೋತ ಹ್ಯೂಸ್ಟನ್ ಆಸ್ಟ್ರೋಸ್ 2017ರಲ್ಲಿ ವಿಶ್ವ ಚಾಂಪಿಯನ್ ಆಯಿತಲ್ಲ ಎಂಬುದು ಅವರ ವಾದ. ಆದರೆ ವೈಟ್ ಸಾಕ್ಸ್ ಅಭಿಮಾನಿ ಈ ತಾಳ್ಮೆಯನ್ನು ಆಗಲೇ ಒಮ್ಮೆ ತೋರಿಸಿದ್ದಾನೆ. 2016ರ ಕೊನೆಯಲ್ಲಿ ಕ್ರಿಸ್ ಸೇಲ್‌ರಂಥ ಪಿಚರ್‌ರನ್ನು ಕೊಟ್ಟು ಎಳೆಯ ಪ್ರತಿಭೆಗಳನ್ನು ತಂದಾಗ ಅವನು ಒಪ್ಪಿದ. 2018ರಲ್ಲಿ 100 ಸೋಲನ್ನು ನುಂಗಿಕೊಂಡ. ಪ್ರತಿಯಾಗಿ ಸಿಕ್ಕಿದ್ದು 2020 ಮತ್ತು 2021ರ ಪ್ಲೇಆಫ್‌ಗಳಲ್ಲಿ ಒಟ್ಟು ಎರಡು ಪಂದ್ಯಗಳ ಗೆಲುವು. ಸೋತವರಿಗೆ ಸಿಗುವ ಸಮಾಧಾನವೂ ಈ ಸಲ ಪೂರ್ತಿ ಸಿಗಲಿಲ್ಲ. ಎಳೆಯರ ಆಯ್ಕೆಯ ಲಾಟರಿಯಲ್ಲಿ ದೊಡ್ಡ ಮಾರುಕಟ್ಟೆಯ ತಂಡಗಳು ಸತತ ಎರಡು ವರ್ಷ ಮೊದಲ ಸ್ಥಾನಗಳನ್ನು ಪಡೆಯುವಂತಿಲ್ಲ ಎಂಬ ನಿಯಮದಿಂದಾಗಿ, 121 ಸೋತ ತಂಡ 2025ರಲ್ಲಿ ಹತ್ತನೆಯದಾಗಿ ಆಯ್ಕೆ ಮಾಡಬೇಕಾಯಿತು. ಈ ನಿಯಮ 2024ರ ಸೀಸನ್‌ಗೂ ಮೊದಲೇ ಇತ್ತು. ಹೊಸ ಮ್ಯಾನೇಜರ್ ವಿಲ್ ವೆನಬಲ್ ಕೈಯಲ್ಲಿ 2025ರಲ್ಲಿ ತಂಡ 60 ಗೆದ್ದಿತು, 19 ಹೆಚ್ಚು. ಅವರ ದುಡಿಮೆಗೆ ಮೆಚ್ಚುಗೆ ಸಲ್ಲಬೇಕು. ಆದರೆ ಆ ಏರಿಕೆಯ ಹಿಂದೆ 71 ಪಂದ್ಯಗಳಲ್ಲಿ 21 ಹೋಮ್ ರನ್ ಹೊಡೆದ ಕೋಲ್ಸನ್ ಮಾಂಟ್ಗೊಮರಿ, ಕ್ರೋಷೆ ಬದಲಿಗೆ ಬಾಸ್ಟನ್‌ನಿಂದ ಬಂದ ಕೈಲ್ ಟೀಲ್‌ರಂಥ ಹೊಸಬರಿದ್ದರು. ಅಷ್ಟಾಗಿಯೂ ಸೋಲು 102. ಸತತ ಮೂರನೇ ವರ್ಷ ಸೋಲು ನೂರು ದಾಟಿತು.

ಕೊನೆಯ ಆಕ್ಷೇಪ ಹೀಗಿದೆ: ತಂಡ ಮಾಲೀಕನ ಸ್ವಂತ ಆಸ್ತಿ, ಹೇಗೆ ನಡೆಸಬೇಕೆಂಬುದು ಅವರಿಗೆ ಬಿಟ್ಟದ್ದು, ಬೇಡವಾದರೆ ಟಿಕೆಟ್ ಕೊಳ್ಳಬೇಡಿ. ತಂಡ ಆಡುವ ಕ್ರೀಡಾಂಗಣ ಯಾರದು ಎಂದು ಕೇಳಿದರೆ ಈ ವಾದ ನಿಲ್ಲುವುದಿಲ್ಲ. ರೈನ್ಸ್‌ಡಾರ್ಫ್ ಬಳಗ 1981ರಲ್ಲಿ ಸುಮಾರು 2 ಕೋಟಿ ಡಾಲರ್‌ಗೆ ಈ ತಂಡವನ್ನು ಕೊಂಡಿತು. ಹೊಸ ಕ್ರೀಡಾಂಗಣ ಕಟ್ಟಿಕೊಡದಿದ್ದರೆ ತಂಡ ಫ್ಲಾರಿಡಾಕ್ಕೆ ಹೊರಡುತ್ತದೆ ಎಂಬ ಬೆದರಿಕೆ ಬಂದಾಗ, 1988ರ ಜೂನ್ 30ರ ರಾತ್ರಿ ಇಲಿನಾಯ್ ಶಾಸನಸಭೆ ಹನ್ನೆರಡು ಗಂಟೆಯ ಗಡುವು ಮೀರದಂತೆ ಗೋಡೆ ಗಡಿಯಾರವನ್ನೇ ನಿಲ್ಲಿಸಿ ಮಸೂದೆ ಪಾಸು ಮಾಡಿತು. 1991ರಲ್ಲಿ ಬಾಗಿಲು ತೆರೆದ ಆ ಕ್ರೀಡಾಂಗಣ ಕಟ್ಟಿದ್ದು ಸಾರ್ವಜನಿಕ ಹಣದಿಂದ, ಅದರ ಒಡೆತನ ಇವತ್ತಿಗೂ ಸರ್ಕಾರಿ ಪ್ರಾಧಿಕಾರದ್ದು. ಬಾಡಿಗೆ ಕರಾರು 2029ರವರೆಗೆ ಇದೆ. ತಂಡ 121 ಪಂದ್ಯ ಸೋತ ಅದೇ 2024ರಲ್ಲಿ ನಗರದ ‘ದಿ 78’ ಎಂಬ ಜಾಗದಲ್ಲಿ ಇನ್ನೊಂದು ಹೊಸ ಕ್ರೀಡಾಂಗಣಕ್ಕೆ ಮತ್ತೆ ಸರ್ಕಾರದ ನೆರವು ಬೇಕೆಂದು ರೈನ್ಸ್‌ಡಾರ್ಫ್ ಕೇಳಿದರು. ತೆರಿಗೆದಾರನ ದುಡ್ಡು ಬೇಕು, ತೆರಿಗೆದಾರನ ಮಾತು ಬೇಡ ಎಂಬ ನಿಲುವು ನೈತಿಕವಾಗಿ ನಿಲ್ಲದು. 2025ರ ಜೂನ್‌ನಲ್ಲಿ ಪ್ರಕಟವಾದ ಒಪ್ಪಂದದಂತೆ ಜಸ್ಟಿನ್ ಇಶ್ಬಿಯಾ ಮುಂದೆ ಒಡೆತನ ಪಡೆಯಬಹುದು. ಆದರೆ 2029ಕ್ಕೆ ಮೊದಲು ಅದು ಆಗದು, 2033ರವರೆಗೂ ಮಾರುವ ಇಲ್ಲವೇ ಮಾರದಿರುವ ಆಯ್ಕೆ ರೈನ್ಸ್‌ಡಾರ್ಫ್ ಅವರದೇ. ಆದ್ದರಿಂದ ಅಭಿಮಾನಿಗಳು ಮುಂದಿನ ಕೋಚ್ ಯಾರು ಎಂಬ ಜಗಳದಲ್ಲಿ ದನಿ ಸವೆಸದೆ ತಮ್ಮ ಶಾಸಕರ ಬಾಗಿಲು ತಟ್ಟಬೇಕು. ಕ್ರೀಡಾಂಗಣದ ಕಡತ ಮುಂದಿನ ಸಲ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದಾಗ, ಆಟಗಾರರ ಸಂಬಳಕ್ಕೆ, ಯುವಕರ ತರಬೇತಿಗೆ ತಂಡ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂಬ ಲೆಕ್ಕಪತ್ರವನ್ನು ಸಾರ್ವಜನಿಕರ ಮುಂದಿಡುವವರೆಗೆ ಒಂದು ಡಾಲರನ್ನೂ ಮಂಜೂರು ಮಾಡಬಾರದು.